ಬೀಡಿಯಿಲ್ಲದೆ ಸುರಂಗ ಹಚ್ಚಿದ ದಿನಗಳು

ಬಾವಿಯ ತಳದಲ್ಲಿ ಬತ್ತಿಗೆ ಬೆಂಕಿ ಮುಟ್ಟಿಸಿ ನಿಚ್ಚಣಿಕೆ ಹತ್ತುವಾಗ ಕೆಮ್ಮು ಬಂದರೆ ಏನಾಗುತ್ತದೆ ಎಂಬುದನ್ನು ನಾನು ಎರಡು ಸಲ ಕಂಡಿದ್ದೇನೆ. ಮೊದಲ ಸಲ ಚಿಮ್ಮಡದ ಬಾವಿಯಲ್ಲಿ. ಅವತ್ತು ಹೆದರಿ ಬೀಡಿ ಬಿಟ್ಟೆ. ಎರಡನೆಯ ಸಲ ಸಾವಳಗಿಯ ಬಾವಿಯಲ್ಲಿ. ಅಷ್ಟರೊಳಗೆ ಬಿಟ್ಟದ್ದನ್ನು ಮತ್ತೆ ಹಿಡಿದುಕೊಂಡಿದ್ದೆ. ನಾನು ಹೇಳಬೇಕೆಂದಿರುವುದು ಆ ಎರಡನೆಯ ಸಲದ ಮುಂದಿನ ದಿನಗಳನ್ನು. ನನ್ನ ಕೆಲಸದ ಆಯುಷ್ಯದಲ್ಲಿ ಅಷ್ಟು ಅಂಜಿದ್ದು ಅದಕ್ಕಿಂತ ಮೊದಲಿಲ್ಲ, ಆಮೇಲೂ ಇಲ್ಲ.

ಆಗ ಜಮಖಂಡಿ ಸಂಸ್ಥಾನ ಇನ್ನೂ ಇತ್ತು. ದೂರದಲ್ಲೆಲ್ಲೋ ಯುದ್ಧ ನಡೆದಿತ್ತು. ನಮಗೆ ಯುದ್ಧದ ಬಿಸಿ ತಟ್ಟಿದ್ದು ಮದ್ದಿನ ರೂಪದಲ್ಲಿ. ಕಲ್ಲು ಸಿಡಿಸುವ ಮದ್ದು ಬೇಕೆಂದರೆ ಪರವಾನಿಗೆ ಹಿಡಿದು ಅಲೆಯಬೇಕಾಗಿತ್ತು. ಸಿಕ್ಕಿದ್ದನ್ನು ನಮ್ಮ ಮುಕಾದಮ ತನ್ನ ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗುತ್ತಿದ್ದ. ಅಂಥ ವಸ್ತುವನ್ನು ತಲೆಯ ಬಳಿ ಇಟ್ಟುಕೊಂಡು ಗೊರಕೆ ಹೊಡೆಯುವುದು ಅವನೊಬ್ಬನಿಗೇ ಸಾಧ್ಯವಿತ್ತು.

ನಮ್ಮ ತಂಡ ಸಣ್ಣದು. ಬಾವಿಯ ಗುತ್ತಿಗೆ ಹಿಡಿದವನು ಮುಕಾದಮ. ಸುತ್ತಿಗೆ ಬೀಸುವವನು ನನ್ನ ಹೆಂಡತಿಯ ತಮ್ಮ. ಅವನು ಬೀಸುವ ಸುತ್ತಿಗೆಗೆ ಉಳಿ ಹಿಡಿಯುವುದು, ಕುಳಿಯಲ್ಲಿ ಮದ್ದು ತುಂಬುವುದು, ಬತ್ತಿ ಹಚ್ಚುವುದು ನನ್ನ ಕೆಲಸ. ಸಿಡಿದ ಕಲ್ಲನ್ನು ಬುಟ್ಟಿಯಲ್ಲಿ ಹೊತ್ತು ಮೇಲೆ ತರುವವರು ಹೆಂಗಸರು, ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಸಾವಳಗಿಯ ಆ ಹೊಲದಲ್ಲಿ ಮೇಲಿನ ಎರಿ ಮಣ್ಣು ಬೇಗ ಮುಗಿದು ಕರಿಕಲ್ಲು ಹತ್ತಿತ್ತು. ಮಣ್ಣಿದ್ದಷ್ಟು ಆಳಕ್ಕೆ ಒಂದು ಬದಿಯಲ್ಲಿ ಪಾವಟಿಗೆ ಕಡಿದಿದ್ದೆವು. ಅದರ ಕೆಳಗೆ ಕಲ್ಲಿನ ಗೋಡೆ, ಅಲ್ಲಿಂದ ತಳಕ್ಕೆ ಒಂದು ನಿಚ್ಚಣಿಕೆ. ಬತ್ತಿ ಹಚ್ಚಿದ ಕೂಡಲೇ ನಾನು ನಿಚ್ಚಣಿಕೆ ಹತ್ತಬೇಕು. ಭಾವಮೈದುನ ಪಾವಟಿಗೆಯ ಕೆಳಗಿನ ಕೊನೆಯಲ್ಲಿ ನಿಂತಿದ್ದು, ನಾನು ಹತ್ತಿದ ತಕ್ಷಣ ನಿಚ್ಚಣಿಕೆಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು, ಇಲ್ಲವಾದರೆ ಸಿಡಿದ ಕಲ್ಲಿಗೆ ಅದು ಮುರಿಯುತ್ತದೆ. ಆಮೇಲೆ ಇಬ್ಬರೂ ಪಾವಟಿಗೆ ಓಡಿ ಹತ್ತಿ ಮಣ್ಣಿನ ದಿಬ್ಬದ ಹಿಂದೆ ಕೂಡಬೇಕು.

ಸುರಂಗ ಎಂದರೆ ನಮ್ಮ ಬಾಯಲ್ಲಿ ಮದ್ದು ತುಂಬಿದ ಕುಳಿ. ತೋಳುದ್ದ ಕೊರೆದ ಕುಳಿಯನ್ನು ಅರಿವೆಯಿಂದ ಒರೆಸಿ ಒಣಗಿಸಬೇಕು. ಮದ್ದು ಸುರಿದು, ಬತ್ತಿ ಇಳಿಬಿಟ್ಟು, ಮೇಲೆ ಇಟ್ಟಂಗಿ ಪುಡಿ ಮತ್ತು ಮಣ್ಣು ಹಾಕಿ ಕಟ್ಟಿಗೆಯ ಕೋಲಿನಿಂದ ಮೆಲ್ಲಗೆ ಜಡಿಯಬೇಕು. ಕಬ್ಬಿಣ ಮುಟ್ಟಿಸಿದರೆ ಕಿಡಿ ಹಾರುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಬೀಡಿಯ ಕೆಲಸ ಶುರುವಾಗುತ್ತದೆ.

ಓದುವವರಿಗೆ ನಗು ಬಂದೀತು. ಆದರೆ ಸುರಂಗದ ಕೆಲಸದಲ್ಲಿ ಬೀಡಿ ಚಟ ಮಾತ್ರವಲ್ಲ, ಹತಾರವೂ ಹೌದು. ಕಡ್ಡಿ ಗೀರಿದರೆ ತಳದ ತಂಪಿಗೆ ಆರುತ್ತದೆ, ಒಂದಾದ ಮೇಲೊಂದು ಮೂರು ಬತ್ತಿ ಹಚ್ಚುವಷ್ಟು ಹೊತ್ತು ಉರಿಯುವುದಿಲ್ಲ. ಬಾಯಲ್ಲಿ ಬೀಡಿ ಇದ್ದರೆ ಒಂದು ದಮ್ಮು ಎಳೆದು ಕೆಂಪಗೆ ಮಾಡಿ ಬತ್ತಿಗೆ ಮುಟ್ಟಿಸಬಹುದು, ಮತ್ತೆ ಎಳೆದು ಇನ್ನೊಂದಕ್ಕೆ. ಅಷ್ಟೇ ಅಲ್ಲ. ಸಿಡಿದ ಮೇಲೆ ಹೊಗೆ ಇಳಿಯುವವರೆಗೆ ಎಷ್ಟು ಕಾಯಬೇಕೆಂಬ ಲೆಕ್ಕವೂ ಬೀಡಿಯದೇ. ಹಚ್ಚಿದವನು ದಿಬ್ಬದ ಹಿಂದೆ ಕೂತು ಒಂದು ಹೊಸ ಬೀಡಿ ಸೇದಬೇಕು. ಅದು ಮುಗಿದರೆ ಇಳಿಯಬಹುದು. ಯಾವುದಾದರೂ ಕುಳಿ ಸಪ್ಪಳ ಮಾಡದೆ ಉಳಿದಿದ್ದರೆ ಎರಡು ಬೀಡಿ, ಏಕೆಂದರೆ ಬತ್ತಿ ಕೆಲವು ಸಲ ಮಣ್ಣಿನೊಳಗೆ ನಿಧಾನವಾಗಿ ಉರಿಯುತ್ತ ಇರುತ್ತದೆ. ಮತ್ತು ಹಚ್ಚಿದವನೇ ಮೊದಲು ಇಳಿಯಬೇಕು. ಇದು ನಮ್ಮವರಲ್ಲಿ ತಪ್ಪದ ನೇಮ.

ಹೀಗಿರುವಾಗ ಬೀಡಿ ಬಿಟ್ಟವನ ಗತಿ ಏನು? ಚಿಮ್ಮಡದಲ್ಲಿ ಅಂಜಿ ಶ್ರಾವಣಕ್ಕೆ ಬಿಟ್ಟವನು ಸಂಕ್ರಾಂತಿ ದಾಟುವವರೆಗೆ ಮುಟ್ಟಿರಲಿಲ್ಲ. ಆ ತಿಂಗಳುಗಳಲ್ಲಿ ಸುರಂಗದ ಕೆಲಸವಿರಲಿಲ್ಲ, ಕಲ್ಲು ಕಟೆದು ಕೊಡುತ್ತಿದ್ದೆ, ಅದಕ್ಕೇ ಸಾಧ್ಯವಾಯಿತು. ಆಗ ನಾನು ಬಲು ದೊಡ್ಡ ಮನುಷ್ಯನಾಗಿಬಿಟ್ಟಿದ್ದೆ. ಬೀಡಿ ಸೇದುವವರನ್ನು ಕಂಡರೆ ಬುದ್ಧಿ ಹೇಳುತ್ತಿದ್ದೆ. ಸಾವಳಗಿಯಲ್ಲಿ ಮೊದಲ ಸುರಂಗದ ದಿನ ಬತ್ತಿಗೆ ಮಾತ್ರ, ಹೊಗೆ ಒಳಗೆ ಬಿಡುವುದಿಲ್ಲ ಎಂದುಕೊಂಡು ಒಂದು ಬೀಡಿ ತುಟಿಗಿಟ್ಟೆ. ಆ ವಾರದ ಸಂತೆಗೆ ಹೋದಾಗ ನಿಪ್ಪಾಣಿ ತಂಬಾಕಿನ ಬೀಡಿಯ ಕಟ್ಟು ಕೊಂಡುಕೊಂಡು ಬಂದೆ. ಇಷ್ಟೇ, ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ.

ಕೆಮ್ಮು ನನಗಿಂತ ಮೊದಲೇ ದಾರಿ ಕಾಯುತ್ತ ಕೂತಿತ್ತು. ಕೆಲವು ದಿನಗಳ ಮೇಲೆ ಮೂರು ಬತ್ತಿ ಹಚ್ಚಿ ನಿಚ್ಚಣಿಕೆಯ ನಡುವೆ ಬಂದಿದ್ದೆ. ಎದೆಯ ಬುಡದಿಂದ ಕೆಮ್ಮು ಎದ್ದಿತು. ನಿಲ್ಲಲಿಲ್ಲ. ಕಣ್ಣು ಕತ್ತಲೆಗೂಡಿತು, ಕೈ ಮೆಟ್ಟಿಲ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ. ಕೆಳಗೆ ಬತ್ತಿಗಳ ಸುಂಯ್ ಸಪ್ಪಳ ಮಾತ್ರ ಚೆನ್ನಾಗಿ ಕೇಳುತ್ತಿತ್ತು. ಭಾವಮೈದುನ ಕಲ್ಲಿನ ಮೇಲೆ ಹೊಟ್ಟೆ ಕೊಟ್ಟು ಮಲಗಿ ನನ್ನ ಅಂಗಿಯ ಕೊರಳು ಹಿಡಿದು ಎಳೆದ. ನಿಚ್ಚಣಿಕೆ ಎಳೆದುಕೊಳ್ಳುವಷ್ಟು ಹೊತ್ತಿರಲಿಲ್ಲ. ನಾವು ಪಾವಟಿಗೆಯ ಮೇಲಿನ ತುದಿಗೆ ಬಂದು ಬೀಳುವಾಗ ಹಿಂದೆ ಸಿಡಿಯಿತು.

ನಿಚ್ಚಣಿಕೆ ಪುಡಿಪುಡಿಯಾಗಿತ್ತು. ಮುಕಾದಮ ಅದಕ್ಕಾಗಿ ಬಾಯಿಗೆ ಬಂದಂತೆ ಬೈದ, ಹೊಸದಕ್ಕೆ ಊರಿಗೆ ಆಳು ಕಳಿಸಿದ. ಭಾವಮೈದುನನ ಮೊಣಕೈ ಕೆತ್ತಿಹೋಗಿ ರಕ್ತ ಸೋರುತ್ತಿತ್ತು. ನನ್ನ ಹೆಂಡತಿ ತನ್ನ ಸೆರಗು ಹರಿದು ಅದಕ್ಕೆ ಕಟ್ಟಿದಳು. ನನ್ನ ಕಡೆ ನೋಡಲಿಲ್ಲ. ಗುಡಿಸಲಿಗೆ ಬಂದ ಮೇಲೆ ರೊಟ್ಟಿ ಬಡಿಯುತ್ತ ಒಲೆಯ ಕಡೆಗೇ ಮುಖ ಮಾಡಿಕೊಂಡು ಮಾತಾಡಿದಳು.

“ಚಿಮ್ಮಡದಾಗ ಒಮ್ಮಿ ನೋಡೀನಿ, ಇಲ್ಲಿ ಒಮ್ಮಿ ನೋಡೀನಿ. ಇನ್ನೊಮ್ಮಿ ನೋಡೂ ಶಕ್ತಿ ನನಗಿಲ್ರಿ. ಸೇದೂದ ಇದ್ರ ನನ್ನ ತೌರಿಗಿ ಕಳಿಸಿ ಸೇದ್ರಿ. ನನ್ನ ತಮ್ಮನ್ನೂ ಸಂಗಾಟ ಕಳಿಸ್ರಿ.”

ಮರುದಿನ ಮುಂಜಾನೆ ಉಳಿದ ಬೀಡಿ ಕಟ್ಟನ್ನು ಮುಕಾದಮನ ಕೈಗೆ ಕೊಟ್ಟು, ಬೀಡಿ ಬಿಟ್ಟಿದ್ದೇನೆ ಎಂದೆ. ಅವನು ಕಟ್ಟನ್ನು ತಿರುಗಿಸಿ ನೋಡಿ ತನ್ನ ಕಿಸೆಗೆ ಇಳಿಸಿದ. “ಇಟ್ಟಿರ್ತೇನಿ ತಮ್ಮಾ. ನಾಳಿಗಿ ನೀನ ಬೇಡಾಕ ಬರ್ತಿ,” ಎಂದ. ಅವನ ಮಾತಿನಲ್ಲಿ ಹುಳುಕೇನೂ ಇರಲಿಲ್ಲ. ಅವನು ಕಂಡವರೆಲ್ಲ ಹಾಗೆಯೇ ಬೇಡಲು ಬಂದವರು.

ಶ್ರಾವಣದಲ್ಲಿ ಬಿಟ್ಟಾಗ ಇಷ್ಟು ಕಷ್ಟವಾಗಿರಲಿಲ್ಲ. ಈಗ ಕೆಲಸದ ನಟ್ಟನಡುವೆ ಬಿಟ್ಟಿದ್ದೆ. ಮೊದಲ ದಿನವೇ ಕೈ ನಡುಗಲು ಶುರುವಾಯಿತು. ಉಳಿ ಹಿಡಿಯುವವನ ಕೈ ನಡುಗಿದರೆ ಸುತ್ತಿಗೆ ಬೀಸುವವನ ಎದೆ ನಡುಗುತ್ತದೆ. ಭಾವಮೈದುನ ಸುತ್ತಿಗೆ ಎತ್ತಿ ಹಾಗೆಯೇ ನಿಂತುಬಿಟ್ಟ.

“ಮಾವ, ಉಳಿ ನೆಟ್ಟಗ ಹಿಡೀರಿ. ಏಟು ಕೈಮ್ಯಾಲೆ ಬಿತ್ತಂದ್ರ ನಾ ಅಕ್ಕಗ ಏನ ಹೇಳ್ಲಿ?”

“ನೀ ನೆಟ್ಟಗ ಹೊಡಿ. ನನಗ ಕಲಿಸಾಕ ಬರಬ್ಯಾಡ,” ಎಂದು ಹರಿಹಾಯ್ದೆ.

ಅವನು ಹೊಡೆದ, ಆದರೆ ಮೊದಲಿನ ಬಿರುಸಿನಲ್ಲಲ್ಲ. ಒಂದು ಕುಳಿಗೆ ಹಿಡಿಯುವ ಹೊತ್ತು ದುಪ್ಪಟ್ಟಾಯಿತು. ಮುಕಾದಮ ಮೇಲಿನಿಂದ ಬಗ್ಗಿ ನೋಡಿ, ಏನು ಮಗುವಿನ ಕಿವಿ ಚುಚ್ಚುತ್ತಿದ್ದೀರಾ ಎಂದು ಕೇಳಿದ.

ಬಾಯಿಗೆ ಏನಾದರೂ ಬೇಕಾಗುತ್ತಿತ್ತು. ಬೇವಿನ ಕಡ್ಡಿ ಅಗಿದೆ, ಹುರಿದ ಕಡಲೆ ತಿಂದೆ, ಒಣಗಿದ ಜೋಳದ ರೊಟ್ಟಿಯ ತುಣುಕನ್ನು ಕಿಸೆಯಲ್ಲಿಟ್ಟುಕೊಂಡು ಕುರುಕುತ್ತಿದ್ದೆ. ಯಾವುದೂ ಆ ಜಾಗಕ್ಕೆ ಮುಟ್ಟುತ್ತಿರಲಿಲ್ಲ. ಹೆಂಡತಿಯ ಮೇಲೆ ಸಿಟ್ಟು, ಪಕ್ಕದ ಹೊಲದ ಎತ್ತಿನ ಮೇಲೆ ಸಿಟ್ಟು, ಹೊಲದ ಯಜಮಾನರು ಬಂದು ನೀರು ಯಾವಾಗ ಬರುತ್ತದೆಂದು ಕೇಳಿದರೆ ಅವರ ಮೇಲೂ ಸಿಟ್ಟು. ಅವರು ತೇರದಾಳದ ಕಡೆಯ ಜೈನರು, ಇರುವೆಗೂ ದಾರಿ ಬಿಟ್ಟು ನಡೆಯುವಂಥವರು. ಅವರಿಗೆ ನಾನು, ನೀರು ನನ್ನ ಕಿಸೆಯಲ್ಲಿದೆಯೇ ಎಂದು ಕೇಳಿದೆ. ಪಾಪ, ಅವರು ಸುಮ್ಮನೆ ಹೊರಟುಹೋದರು.

ಸಿಟ್ಟಿಗಿಂತ ಹೆಚ್ಚಾಗಿ ಅಂಜಿಕೆ ಇತ್ತು. ಬೀಡಿ ಬಿಟ್ಟರೆ ಕೆಮ್ಮು ನಿಲ್ಲಬೇಕಲ್ಲವೇ? ನನಗೆ ಹೆಚ್ಚಾಯಿತು. ಮುಂಜಾನೆ ಎದ್ದರೆ ಕರಿ ಕಫ ಬೀಳುತ್ತಿತ್ತು. ಕಲ್ಲಿನ ಧೂಳು ಕುಡಿದು ಎದೆಬೇನೆ ಹತ್ತಿ ಸತ್ತವರನ್ನು ನಾನು ಕಂಡಿದ್ದೆ. ಅವರೂ ಹೀಗೇ ಉಗುಳುತ್ತಿದ್ದರು. ನನಗೂ ಅದೇ ಹತ್ತಿದೆ, ಇನ್ನು ಬೀಡಿ ಬಿಟ್ಟರೂ ಒಂದೇ ಹಿಡಿದರೂ ಒಂದೇ ಎಂದು ಒಳಗೊಬ್ಬ ವಕೀಲ ವಾದ ಹೂಡುತ್ತಿದ್ದ. ಹೆಂಡತಿ ಅಜವಾನ, ಒಣಶುಂಠಿ, ಬೆಲ್ಲ ಕುದಿಸಿ ಕೊಟ್ಟಳು. ಕಫ ಅವಳು ನೋಡಬಾರದೆಂದು ಮಣ್ಣು ಮುಚ್ಚುತ್ತಿದ್ದೆ. ಅವಳು ನೋಡಿಯೇ ಇದ್ದಳು.

ಬತ್ತಿ ಹಚ್ಚುವುದಕ್ಕೆ ಬೇರೆ ಬೆಂಕಿ ಹುಡುಕಬೇಕಾಯಿತು. ಮೊದಲು ಹತ್ತಿಯ ಹುರಿಗೆ ಕಿಡಿ ಹಿಡಿಸಿಕೊಂಡು ಇಳಿದೆ. ತಳದ ತಂಪಿಗೆ ಆರಿತು. ಮತ್ತೆ ಮೇಲೆ ಹೋಗಿ ಹಚ್ಚಿಕೊಂಡು ಬಂದೆ, ಎರಡನೆಯ ಬತ್ತಿಗೆ ಬರುವಷ್ಟರಲ್ಲಿ ಮತ್ತೆ ಆರಿತು. ಒಂದು ಬತ್ತಿ ಆಗಲೇ ಉರಿಯುತ್ತಿತ್ತು. ಉಳಿದವನ್ನು ಬಿಟ್ಟು ಓಡಿದೆ. ಅವತ್ತು ಒಂದೇ ಸುರಂಗ ಸಿಡಿಯಿತು. ಒಂದೇ ಸುರಂಗ ಹಾರಿಸಿ ಮೇಲೆ ಬಂದವನನ್ನು ನೋಡಿ ಮುಕಾದಮ ಕಿಸೆಯಿಂದ ಕಟ್ಟು ತೆಗೆದು ತೋರಿಸಿದ.

ಭಾವಮೈದುನ ಒಂದು ಉಪಾಯ ತೆಗೆದ. ಸೆಗಣಿ ಕುಳ್ಳಿನ ತುಂಡನ್ನು ಚೆನ್ನಾಗಿ ಕೆಂಡ ಮಾಡಿ ಒಡೆದ ಗಡಿಗೆಯ ಚೂರಿನಲ್ಲಿಟ್ಟುಕೊಂಡು ಇಳಿಯುವುದು. ಮದ್ದಿನ ಚೀಲ ಮೇಲೆ ಹೋದ ಮೇಲೆಯೇ ಕೆಂಡ ಕೆಳಗೆ ಬರಬೇಕು. ಇದು ನಡೆಯಿತು. ಕುಳ್ಳಿನ ಕೆಂಡ ಆರುವುದಿಲ್ಲ, ಊದಿದರೆ ಕೆಂಪಾಗುತ್ತದೆ. ಅದರ ಹೊಗೆ ಮೂಗಿಗೆ ಬಂದಾಗ ಕೂಡ ನನ್ನ ಬಾಯಲ್ಲಿ ನೀರೂರುತ್ತಿತ್ತೆಂದರೆ ನನ್ನ ಸ್ಥಿತಿ ಹೇಗಿತ್ತೆಂದು ತಿಳಿಯಬಹುದು.

ಬೆಂಕಿಯ ತೊಡಕು ಬಿಡಿಸಿದೆವು. ಕಾಯುವ ತೊಡಕು ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಬೀಡಿ ಸೇದುವವನಿಗೆ ಕಾಯುವುದು ಗೊತ್ತೇ ಆಗುವುದಿಲ್ಲ. ಬೀಡಿ ಬಿಟ್ಟವನಿಗೆ ಕಾಯುವುದೇ ಶಿಕ್ಷೆ. ಕುಳ್ಳಿನ ಕೆಂಡದಿಂದ ಮೊದಲ ಸಲ ಮೂರೂ ಸುರಂಗ ಸಿಡಿಸಿ ದಿಬ್ಬದ ಹಿಂದೆ ಕೂತೆ. ಕೈಗೆ ಕೆಲಸವಿಲ್ಲ, ಬಾಯಿಗೆ ಕೆಲಸವಿಲ್ಲ. ಬೆವರು ಬರುತ್ತಿತ್ತು, ತೊಡೆ ಕುಣಿಯುತ್ತಿತ್ತು. ಬಹಳ ಹೊತ್ತಾಯಿತೆಂದು ಅನ್ನಿಸಿತು. ಇಷ್ಟರಲ್ಲಿ ಒಂದಲ್ಲ ಎರಡು ಬೀಡಿ ಮುಗಿಯುತ್ತಿದ್ದವು ಎಂದುಕೊಂಡೆ. ಎದ್ದೆ. ಭಾವಮೈದುನ ನಿಚ್ಚಣಿಕೆ ಇಳಿಬಿಡುತ್ತ, “ಮಾವ, ಲಗೂನ ಆತಲ್ಲ?” ಎಂದ. ನಾನು ಅವನನ್ನು ದಾಟಿ ಇಳಿದೆ.

ತಳದಲ್ಲಿ ಹೊಗೆ ಇನ್ನೂ ಕೂತಿತ್ತು. ಮದ್ದಿನ ಹೊಗೆ ಬಾವಿಯಲ್ಲಿ ಗೋಡೆ ಹಿಡಿದು ಏಳುವುದು ನಿಧಾನ, ತಳಕ್ಕೆ ಅಂಟಿಕೊಂಡು ಮಲಗಿರುತ್ತದೆ. ಒಂದು ಉಸಿರು ಎಳೆದೆ, ಎದೆ ಕದ ಹಾಕಿದ ಹಾಗೆ ಮುಚ್ಚಿತು. ಕೆಮ್ಮಬೇಕೆಂದರೆ ಒಳಗೆ ಗಾಳಿಯೇ ಇಲ್ಲ. ನಿಚ್ಚಣಿಕೆ ಬೆನ್ನ ಹಿಂದೆಯೇ ಇತ್ತು, ನನ್ನ ಕೈಗೆ ಸಿಗಲಿಲ್ಲ. ಮೊಣಕಾಲೂರಿದೆ. ಸಾಯುತ್ತಿದ್ದೇನೆ ಎಂದು ಸ್ಪಷ್ಟವಾಗಿ ತಿಳಿಯಿತು. ಆಗ ದೇವರು ನೆನಪಾಗಲಿಲ್ಲ. ಹೆಂಡತಿ ಮೇಲೆಯೇ ನಿಂತಿದ್ದಾಳೆ, ಮತ್ತೊಮ್ಮೆ ನೋಡುತ್ತಾಳೆ ಎಂಬುದಷ್ಟೇ ನೆನಪಾಯಿತು.

ಭಾವಮೈದುನ ಒದ್ದೆ ಧೋತರದ ಚುಂಗು ಮುಖಕ್ಕೆ ಸುತ್ತಿಕೊಂಡು ಹಗ್ಗ ಹಿಡಿದು ಇಳಿದು ಬಂದನಂತೆ. ನನ್ನ ಕಂಕುಳಿಗೆ ಹಗ್ಗ ಬಿಗಿದು ಎಳೆಯಿರಿ ಎಂದು ಕೂಗಿದನಂತೆ. ನನಗೆ ಎಚ್ಚರವಾದಾಗ ದಿಬ್ಬದ ಮೇಲೆ ಕವುಚಿ ಬಿದ್ದು ವಾಂತಿ ಮಾಡುತ್ತಿದ್ದೆ. ಪಕ್ಕದಲ್ಲಿ ಅವನೂ ಬಿದ್ದಿದ್ದ. ಅವನ ಕಣ್ಣು ಕೆಂಡದಂತಾಗಿ ನೀರು ಇಳಿಯುತ್ತಿತ್ತು. ಹೆಂಡತಿ ನಮ್ಮಿಬ್ಬರ ನಡುವೆ ಕೂತಿದ್ದಳು, ಒಂದು ಕೈ ನನ್ನ ಬೆನ್ನ ಮೇಲೆ, ಇನ್ನೊಂದು ತಮ್ಮನ ಬೆನ್ನ ಮೇಲೆ.

ಮುಕಾದಮ ನಿಜಕ್ಕೂ ಗಾಬರಿಯಾಗಿದ್ದ. ಬೀಡಿ ಹಚ್ಚಿ ಎರಡು ದಮ್ಮು ಎಳೆದು ಕೆಂಪು ಮಾಡಿ ನನ್ನ ಬೆರಳ ನಡುವೆ ಇಟ್ಟ.

“ಒಂದ ದಮ್ಮ ಎಳಿಯಪಾ. ಜೀವ ಹಗುರ ಆಗ್ತೈತಿ. ಆಗಿದ್ದು ಆತು.”

ತುಟಿ ತಾನಾಗಿಯೇ ತೆರೆಯಿತು, ಸುಳ್ಳು ಹೇಳುವುದಿಲ್ಲ. ಬೀಡಿ ಮೀಸೆಯವರೆಗೆ ಬಂದಿತ್ತು. ಅಷ್ಟರಲ್ಲಿ ಭಾವಮೈದುನ ಕೆಮ್ಮಿದ. ಅವನು ಹುಟ್ಟಿದಾಗಿನಿಂದ ಬೀಡಿ ಮುಟ್ಟಿದವನಲ್ಲ. ಅವನು ನನ್ನ ಹಾಗೆಯೇ ಕೆಮ್ಮಿದ. ಬೀಡಿಯನ್ನು ಕೆಳಗಿಳಿಸಿದೆ.

“ನನಗ ಅಂಜಿಕಿ ಆಗೇತಿ,” ಎಂದೆ.

ಸುರಂಗ ಹಚ್ಚುವವನು ಈ ಮಾತನ್ನು ಆಡುವುದಿಲ್ಲ. ಆಡಿದರೆ ಬತ್ತಿಯನ್ನು ಅವನ ಕೈಯಿಂದ ಬಿಡಿಸಿಕೊಂಡು ಬೇರೆಯವರಿಗೆ ಕೊಡುತ್ತಾರೆ, ಅವನು ಮತ್ತೆ ಬುಟ್ಟಿ ಹೊರಬೇಕು. ಮುಕಾದಮ ಕಿವಿ ಕೇಳಿಸದವನಂತೆ ನೋಡಿದ. “ಏನಂದಿ?”

“ಅಂಜಿಕಿ ಆಗೇತಿ ಅಂದೆ. ಎಷ್ಟ ಹೊತ್ತ ಕಾಯಬೇಕನ್ನೂದು ನನಗ ಈಗ ತಿಳಿಯೂದಿಲ್ಲ. ನನ್ನ ಮನಸಿನ ಮಾತ ನಾನ ಕೇಳೂದಿಲ್ಲ ಇನ್ನ. ಸುರಂಗ ಹಾರಿದ ಮ್ಯಾಲೆ ನನ್ನ ಹೇಣ್ತಿ ಕೊಡ ತಗೊಂಡ ಹಳ್ಳಕ್ಕ ಹೋಗ್ಲಿ. ನೀರ ತುಂಬಕೊಂಡ ಬಂದ ಕೊಡ ಇಲ್ಲಿ ಇಟ್ಟ ಮ್ಯಾಲೆ ನಾ ಇಳೀತೇನಿ. ಅದಕ್ಕಿಂತ ಮೊದಲ ಇಳಿಯೂದಿಲ್ಲ.”

“ಹೆಂಗಸಿನ ಕೊಡಾ ನೋಡಿ ಬಾವಿಗಿ ಇಳಿಯಾಂವ ಈ ಮುಲಕಿನಾಗ ನೀ ಒಬ್ಬನ ನೋಡು.”

“ಹೌದು, ಒಬ್ಬನ.”

ಅವನಿಗೆ ಬೇರೆ ಹಚ್ಚುವವನು ಸಿಕ್ಕಿದ್ದರೆ ನನ್ನನ್ನು ಅವತ್ತೇ ಬಿಡಿಸುತ್ತಿದ್ದ. ಆ ಹಂಗಾಮಿನಲ್ಲಿ ಯಾರೂ ಖಾಲಿ ಇರಲಿಲ್ಲ, ಅದಕ್ಕೇ ಒಪ್ಪಿದ. ನನ್ನ ಬೆರಳಲ್ಲಿದ್ದ ಬೀಡಿ ಎಳೆಯುವವರಿಲ್ಲದೆ ಆರಿಹೋಗಿತ್ತು. ಅವನು ಅದನ್ನು ತೆಗೆದುಕೊಂಡು ಮತ್ತೆ ಹಚ್ಚಿಕೊಂಡ.

ಹಳ್ಳ ಅಲ್ಲಿಂದ ಒಂದು ಹೊಲದಾಚೆ. ಬೇಸಿಗೆಯಲ್ಲಿ ಅದರ ಮರಳಿನಲ್ಲಿ ಒರತೆ ತೋಡಿ ನೀರು ತುಂಬಬೇಕು. ಜೋಳದ ಕೂಳೆ ದಾಟಿ, ಜಾಲಿ ಮರದ ಹತ್ತಿರ ಇಳಿದರೆ ಅವಳು ಕಾಣುತ್ತಿರಲಿಲ್ಲ. ಮತ್ತೆ ಜಾಲಿಯ ಹತ್ತಿರ ಕೊಡ ಮೊದಲು ಕಾಣುತ್ತಿತ್ತು, ಆಮೇಲೆ ತಲೆ, ಆಮೇಲೆ ಅವಳು. ಅವಳು ಬಂದು ಕೊಡ ಇಳಿಸಿದರೆ ನಾನು ಏಳುತ್ತಿದ್ದೆ. ಬುಟ್ಟಿ ಹೊರುವ ಹೆಂಗಸರು ಮೊದಮೊದಲು ನಕ್ಕರು. ಗಂಡನನ್ನು ಕೊಡದಲ್ಲಿ ಕಟ್ಟಿಹಾಕಿದ್ದಾಳೆ ಎಂದು ಅವಳನ್ನು ಕಾಡಿಸಿದರು. ನಗಲಿ ಎಂದು ಬಿಟ್ಟೆ. ನಗುವವರಾರೂ ಮೊದಲು ಇಳಿಯಬೇಕಾಗಿರಲಿಲ್ಲ.

ಆ ಕಾಯುವ ಹೊತ್ತೇ ನನಗೆ ಎಲ್ಲಕ್ಕಿಂತ ಕಠಿಣವಾಗಿತ್ತು. ಉಳಿ ಹಿಡಿದಾಗ ಕೈಗಾದರೂ ಕೆಲಸವಿರುತ್ತಿತ್ತು. ಅಲ್ಲಿ ಕೂತರೆ ಗಾಳಿ ಯಾವ ಕಡೆಯಿಂದ ಬೀಸಿದರೂ ಮುಕಾದಮನ ಬೀಡಿಯ ವಾಸನೆ ನನ್ನನ್ನೇ ಹುಡುಕಿ ಬರುತ್ತಿತ್ತು. ಬೇವಿನ ಕಡ್ಡಿ ಅಗಿದು ಅಗಿದು ವಸಡು ಹುಣ್ಣಾಗಿತ್ತು. ಭಾವಮೈದುನ ಪಕ್ಕದಲ್ಲಿ ಕೂತು ಬೀರಪ್ಪನ ಡೊಳ್ಳಿನ ಪದ ಗುನುಗುತ್ತಿದ್ದ, ಸ್ವರ ಒಂದೂ ಸರಿ ಇರುತ್ತಿರಲಿಲ್ಲ. ನಾನು ಜಾಲಿ ಮರದಿಂದ ಕಣ್ಣು ತೆಗೆಯುತ್ತಿರಲಿಲ್ಲ. ಇಷ್ಟಾದರೂ ಕೈಯ ನಡುಕ ಮೆಲ್ಲಗೆ ಕಡಿಮೆಯಾಗುತ್ತಿತ್ತು. ಕಫದ ಕರಿ ಬಣ್ಣ ತಿಳಿಯಾಗುತ್ತಿತ್ತು. ಅಂಜಿಕೆ ಮಾತ್ರ ಅಷ್ಟೇ ಇತ್ತು.

ಹೀಗೆ ಕೆಲವು ದಿನಗಳು ನಡೆದವು. ಒಂದು ಮಧ್ಯಾಹ್ನ ತಳದ ಒಂದು ಮೂಲೆಯಲ್ಲಿ ಕಲ್ಲು ಬೆವರಿತು. ಕೈಯಿಟ್ಟರೆ ತಂಪು, ಬೆರಳಿಗೆ ಒದ್ದೆ. ಮುಕಾದಮ ಇಳಿದು ಬಂದು ಅಂಗೈ ಒತ್ತಿ ನೋಡಿದ. ಇನ್ನೊಂದು ಪದರ ಸಿಡಿದರೆ ನೀರು ಎಂದ. ಯಜಮಾನರಿಗೆ ಹೇಳಿಕಳಿಸಿ ಎಂದು ಗಡಿಬಿಡಿ ಮಾಡಿದ. ನಾವು ಮೂರು ಕುಳಿ ಕೊರೆದೆವು. ಒದ್ದೆಯ ಮೂಲೆಯ ಕುಳಿಯನ್ನು ಎಷ್ಟು ಒರೆಸಿದರೂ ಅರಿವೆ ತಂಪಾಗಿಯೇ ಬರುತ್ತಿತ್ತು. ಅದಕ್ಕೆ ಎಣ್ಣೆ ಹಚ್ಚಿದ ಕಾಗದದಲ್ಲಿ ಮದ್ದು ಸುತ್ತಿ ಇಳಿಸಿದೆ, ಬತ್ತಿಗೂ ಎಣ್ಣೆ ಸವರಿದೆ. ಸಾಲದೇನೋ ಎಂಬ ಅಳುಕು ಇತ್ತು. ಬಾಯಿಬಿಟ್ಟು ಹೇಳಲಿಲ್ಲ. ಒಂದು ಸಲ ಅಂಜಿಕೆ ಎಂದವನು ದಿನವೂ ಎಷ್ಟು ಸಲ ಅಂದಾನು?

ಮೂರೂ ಬತ್ತಿ ಹಿಡಿದವು. ನಿಚ್ಚಣಿಕೆ ಹತ್ತಿದೆ, ಉಸಿರು ಕೊನೆಯವರೆಗೆ ಬಂತು. ದಿಬ್ಬದ ಹಿಂದೆ ಬಿದ್ದು ಕಿವಿ ಕೊಟ್ಟೆವು. ಮೊದಲನೆಯದು ಹಾರಿತು. ಸ್ವಲ್ಪ ತಡೆದು ಎರಡನೆಯದು, ಮೊದಲನೆಯದಕ್ಕಿಂತ ಜೋರಾಗಿ. ಕಲ್ಲಿನ ಚೂರುಗಳು ಬಿದ್ದು ನಿಂತವು. ಆಮೇಲೆ ಏನೂ ಇಲ್ಲ.

ಹೆಂಡತಿ ಎದ್ದು ಕೊಡ ತೆಗೆದುಕೊಂಡು ಹೊರಟಳು.

“ಎರಡ ಆದ್ವು,” ಎಂದೆ.

“ಕಡೀದು ಎರಡೂ ಕೂಡೇ ಹಾರ್ಯಾವು. ಸಪ್ಪಳ ಕೇಳ್ಲಿಲ್ಲೇನು? ಅಷ್ಟ ದೊಡ್ಡದು ಒಂದರದಲ್ಲ,” ಎಂದ ಮುಕಾದಮ.

ಹಾಗೆ ಎರಡು ಕೂಡಿ ಸಿಡಿಯುವುದುಂಟು. ಸಪ್ಪಳ ದೊಡ್ಡದಾಗಿದ್ದದ್ದೂ ನಿಜ. ಹಾಗೇ ಆಗಿರಲಿ ಎಂದು ನನಗೂ ಬೇಕಾಗಿತ್ತು. ಜಾಲಿಯ ಕಡೆ ಮುಖ ಮಾಡಿ ಕೂತೆ.

ಅವಳು ಬರುವ ಹೊತ್ತಾಯಿತು. ಜಾಲಿಯ ಹತ್ತಿರ ಕೊಡ ಕಾಣಲಿಲ್ಲ. ಬಾವಿಯ ಬಾಯಿಂದ ಹೊಗೆ ಬರುವುದು ನಿಂತಿತು. ಇನ್ನಷ್ಟು ಹೊತ್ತಾಯಿತು. ಭಾವಮೈದುನನ ಪದ ನಿಂತಿತು. ಹಳ್ಳದಲ್ಲಿ ಅವಳಿಗೆ ಏನಾದರೂ ಆಯಿತೇ, ಹಾವು ಹುಳ ಮುಟ್ಟಿತೇ ಎಂಬ ಹೊಸ ಭಯ ಶುರುವಾಯಿತು. ಮುಕಾದಮ ಬೀಡಿ ಹಚ್ಚಿ ನನ್ನ ಮುಂದೆ ಹಿಡಿದ.

“ಅಕಿ ಯಾರ ಸಂಗಾಟರೆ ಮಾತಾಡ್ಕೋತ ಕುಂತಿರ್ಬೇಕು. ಬಿಡ ಅದನ್ನ. ಇದೊಂದ ಸೇದು. ಮುಗೀತಂದ್ರ ಇಳಿ. ಹಿಂದಿಂದ ಹೆಂಗಿತ್ತ ಹಂಗ.”

ಅದರ ವಾಸನೆ ನನ್ನ ಮುಖದ ಮೇಲೇ ಇತ್ತು. ಸೇದಿದರೆ ನಡುಕ ನಿಲ್ಲುತ್ತದೆ, ಹೊತ್ತಿನ ಲೆಕ್ಕವೂ ಸಿಗುತ್ತದೆ, ಅವನ ಬಾಯಿಯೂ ಮುಚ್ಚುತ್ತದೆ. ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡೆ. “ಒಲ್ಲೆ,” ಎಂದೆ. ದನಿ ಅಳುವವನ ದನಿಯಾಗಿತ್ತು. ಅವನು ತಾನೇ ಸೇದಿದ. ನಾನು ಅದರ ಒಂದೊಂದು ದಮ್ಮನ್ನೂ ನೋಡಿದೆ. ಬೆರಳು ಸುಡುವವರೆಗೆ ಸೇದಿ ತುಂಡನ್ನು ಕಾಲಿನಿಂದ ಹೊಸಕಿದ.

“ಮುಗೀತು. ಏಳು.”

“ಕೊಡ ಬಂದಿಲ್ಲ.”

“ಯಜಮಾನರ ಬರಾಕತ್ತಾರ. ನೀರ ತೋರಸ್ತೇನಂತ ಹೇಳಿ ಕಳಿಸೇನಿ. ಏಳತಿಯೋ ಇಲ್ಲೋ?”

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಎದ್ದೆ. ಪಾವಟಿಗೆಯವರೆಗೆ ಹೋಗಿ ಒಂದು ಮೆಟ್ಟಿಲು ಇಳಿದೂ ಬಿಟ್ಟೆ. ಕಾಲು ಮುಂದೆ ಹೋಗಲಿಲ್ಲ. ಅಲ್ಲೇ ಕೂತೆ. ಮುಕಾದಮ ನನ್ನ ತಲೆಯ ಮೇಲಿನಿಂದ ಭಾವಮೈದುನನನ್ನು ಕರೆದ.

“ಇವನ ಕೈಲೆ ಆಗೂದಿಲ್ಲ. ನೀ ಇಳೀಲೇ. ನಾಳಿಂದ ಬತ್ತಿ ನಿಂದು.”

ಅವನು ಎದ್ದು ಬಂದು ಪಾವಟಿಗೆಯ ಮೇಲೆ ಮಲಗಿಸಿದ್ದ ನಿಚ್ಚಣಿಕೆಗೆ ಕೈ ಹಾಕಿದ. ನನ್ನ ಮುಖ ನೋಡಿದ. ಮುಕಾದಮನ ಮಾತು ಮೀರಿದರೆ ಅವನಿಗೂ ನನಗೂ ಆ ಹಂಗಾಮಿನಲ್ಲಿ ಬೇರೆ ಕೆಲಸವಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅವನು ಇಳಿಯುತ್ತಾನೆ ಎಂದು ತಿಳಿದ ಕೂಡಲೇ ನನ್ನ ಸ್ವಂತ ಅಂಜಿಕೆ ಎಲ್ಲಿಯೋ ಹೋಯಿತು, ಅದಕ್ಕಿಂತ ದೊಡ್ಡದೊಂದು ಬಂತು. ನಿಚ್ಚಣಿಕೆಯ ಬುಡವನ್ನು ಎರಡೂ ಕೈಯಿಂದ ತಬ್ಬಿ ಹಿಡಿದೆ.

“ಕುಂಡ್ರು. ನಿಮ್ಮಕ್ಕ ಬರೂತನಕ ಕುಂಡ್ರು.”

“ಮಾವ, ಬಿಡ್ರಿ.”

“ಬಿಡೂದಿಲ್ಲ.”

ಅವನು ಮೇಲಿನಿಂದ ಎಳೆದ, ನಾನು ಕೆಳಗಿನಿಂದ ಹಿಡಿದೆ. ಮುಕಾದಮ ನನ್ನ ತೋಳಿಗೆ ಕೈ ಹಾಕಿದ. ಹಾಗೆ ಮೂವರೂ ಜಗ್ಗಾಡುತ್ತಿರುವಾಗ ಬಾವಿಯೊಳಗೆ ಮೂರನೆಯ ಸುರಂಗ ಹಾರಿತು.

ಪಾವಟಿಗೆಯ ಮಣ್ಣು ನಮ್ಮ ಕಾಲ ಕೆಳಗೆ ಅದುರಿತು. ಒಂದು ಕಲ್ಲು ಮುಕಾದಮನ ರುಮಾಲು ಹಾರಿಸಿಕೊಂಡು ಹೋಯಿತು. ನಾವು ಮೂವರೂ ಒಬ್ಬರ ಮೇಲೊಬ್ಬರು ಬಿದ್ದೆವು. ಚೂರುಗಳು ಬೀಳುವುದು ನಿಂತ ಮೇಲೂ ಯಾರೂ ಏಳಲಿಲ್ಲ. ಭಾವಮೈದುನ ನಿಚ್ಚಣಿಕೆಯನ್ನು ಇನ್ನೂ ಹಿಡಿದುಕೊಂಡಿದ್ದ. ಅವನ ಬೆರಳುಗಳನ್ನು ನಾನು ಒಂದೊಂದಾಗಿ ಬಿಡಿಸಬೇಕಾಯಿತು. ಮುಕಾದಮ ಬರಿದಲೆಯಲ್ಲಿ ಕೂತು, ತಾನು ಹೊಸಕಿದ ಬೀಡಿಯ ತುಂಡಿದ್ದ ಜಾಗವನ್ನು ನೋಡುತ್ತಿದ್ದ. ಆ ಬೀಡಿ ನನ್ನ ಬಾಯಲ್ಲಿ ಮುಗಿದಿದ್ದರೆ ನಾನು ತಳದಲ್ಲಿ ಇರುತ್ತಿದ್ದೆ.

ಆಗ ಜಾಲಿಯ ಹತ್ತಿರ ಕೊಡ ಕಂಡಿತು. ಅವಳು ನೀರು ತುಳುಕಿಸುತ್ತ ಓಡಿಕೊಂಡೇ ಬಂದಳು. ಮೊದಲು ತಮ್ಮನನ್ನು ನೋಡಿದಳು, ಆಮೇಲೆ ನನ್ನನ್ನು. ಕೊಡ ಇಳಿಸಲು ಹೋದರೆ ಅದು ಕಲ್ಲಿಗೆ ಬಡಿದು ಕಣಕಣ ಎಂದಿತು.

“ಇಷ್ಟೊತ್ತನಕ ಎಲ್ಲಿದ್ದಿ?” ಎಂದೆ.

“ಎರಡ ಕೇಳಿದ್ವು,” ಎಂದಳು. “ಕೊಡ ತುಂಬಿ ಅಲ್ಲೇ ಕುಂತಿದ್ದೆ. ನಾ ಬಂದ್ರ ನೀವ ಇಳೀತೀರಿ. ಮೂರನೇದ ಕೇಳೂತನಕ ಹೆಂಗ ಬರ್ಲಿ?”

ನಾನು ಅಳುತ್ತಿದ್ದೆ, ಎಲ್ಲರ ಮುಂದೆಯೇ. ಬೀಡಿ ಬೇಕೆನ್ನಿಸಿತು. ಅಷ್ಟು ದಿನಗಳಲ್ಲಿ ಯಾವತ್ತೂ ಅನ್ನಿಸದಷ್ಟು ಬೇಕೆನ್ನಿಸಿತು. ಬಾವಿಯ ಬಾಯಿಂದ ಮೂರನೆಯ ಸುರಂಗದ ಹೊಗೆ ಆಗಷ್ಟೇ ಮೇಲೇಳುತ್ತಿತ್ತು.

“ಹೊಗಿ ಇಳೀಬೇಕು,” ಎಂದೆ. “ಇನ್ನೊಂದ ಕೊಡ ತಾ.”

ಅವಳು ಕೊಡವನ್ನು ತಮ್ಮನ ಕಾಲ ಹತ್ತಿರ ಬರಿದು ಮಾಡಿ, ಟೊಂಕಕ್ಕಿಟ್ಟುಕೊಂಡು ಮತ್ತೆ ಹಳ್ಳದ ಕಡೆ ಹೊರಟಳು. ಮುಕಾದಮ ಅವಳು ಹೋಗುವುದನ್ನೇ ನೋಡುತ್ತ ಕೂತ.